ದಾಸೋಹವೂ ಊರ ನಿಧಿಯೂ

(ಶ್ರೀಮಠದ ಮಹೋತ್ಸವದ ಧರ್ಮಸಭೆಯಲ್ಲಿ ಮಾಡಿದ ಉಪನ್ಯಾಸ)



ದಾನಧರ್ಮಗಳ ವಿಷಯವಾಗಿ ನಾಲ್ಕು ಮಾತುಗಳನ್ನಾಡಬೇಕೆಂದು ಶ್ರೀಗಳವರ ಅಪ್ಪಣೆಯಾಗಿದೆ. ದಾಸೋಹದ ಮಹಿಮೆಯನ್ನು ಈ ಮಠದ ಅಂಗಳದಲ್ಲಿ ನಿಂತು ವರ್ಣಿಸಹೊರಡುವುದು ಹೊಳೆಯ ದಂಡೆಯಲ್ಲಿ ನಿಂತು ನೀರಿನ ಗುಣವನ್ನು ಹೇಳಿದಂತಾದೀತು. ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದ ನಿಮಗೆ ಅದನ್ನು ನಾನು ತಿಳಿಸಬೇಕಾದುದಿಲ್ಲ. ಆದುದರಿಂದ ಆ ವಿಷಯವನ್ನು ಬದಿಗಿರಿಸಿ, ಅದರ ಮಗ್ಗುಲಲ್ಲಿಯೇ ಇರುವ, ಆದರೆ ಸಭೆಗಳಲ್ಲಿ ಹೆಚ್ಚಾಗಿ ಪ್ರಸ್ತಾಪಕ್ಕೆ ಬಾರದ ಒಂದು ಪ್ರಶ್ನೆಯನ್ನು ಎತ್ತಿಕೊಳ್ಳುತ್ತೇನೆ. ಇಂದು ತಂದ ಅಕ್ಕಿ ಇಂದೇ ಬೆಂದು ಇಂದೇ ಹಸಿದವರ ಎಲೆಗೆ ಬೀಳುವುದು. ಅದರಲ್ಲಿ ತೊಡಕಿಲ್ಲ. ಆದರೆ ಭಕ್ತನೊಬ್ಬನು ತನ್ನ ಅಂತ್ಯಕಾಲದಲ್ಲಿ ಹೊಲವನ್ನೋ ಹಣವನ್ನೋ ಧರ್ಮಕ್ಕೆಂದು ಬರೆದಿಟ್ಟು ಹೋದಾಗ, ಆತನು ಕಾಣದ ಕಾಲದಲ್ಲಿ, ಆತನು ಅರಿಯದ ಕಷ್ಟಗಳ ನಡುವೆ, ಆ ಧನವು ಯಾರ ಬುದ್ಧಿಯಿಂದ ನಡೆಯತಕ್ಕುದು? ಸತ್ತವನ ಕಾಗದದಿಂದಲೋ, ಬದುಕಿರುವವರ ಕಣ್ಣಿನಿಂದಲೋ?

ಪ್ರಶ್ನೆಯು ಬರಿಯ ತರ್ಕವೆಂದು ತಿಳಿಯಬೇಡಿರಿ. ಅಮೆರಿಕಾ ಸಂಯುಕ್ತ ಸಂಸ್ಥಾನದ ಸೇಂಟ್ ಲೂಯಿ ನಗರದಲ್ಲಿ ಬ್ರಯನ್ ಮುಲನ್‌ಫಿ ಎಂಬ ಶ್ರೀಮಂತನಿದ್ದನು. ಆತನು ಒಮ್ಮೆ ಆ ನಗರದ ಮೇಯರನೂ ಆಗಿದ್ದನು. ಆ ದಿನಗಳಲ್ಲಿ ಪಶ್ಚಿಮದ ಬಯಲು ಸೀಮೆಗೆ ವಲಸೆ ಹೊರಟ ಬಡ ಸಂಸಾರಗಳು ಬಂಡಿಗಳೊಡನೆ ಆ ಊರಿನಲ್ಲಿ ತಂಗುವುದು ವಾಡಿಕೆ. ರೋಗ, ಹಸಿವು, ದುಡ್ಡಿನ ಅಭಾವ ಇವುಗಳಿಂದ ಅವರು ಪಡುತ್ತಿದ್ದ ಪಾಡನ್ನು ಮುಲನ್‌ಫಿಯು ಕಣ್ಣಾರೆ ಕಂಡಿದ್ದನು. ೧೮೫೧ರಲ್ಲಿ ಆತನು ತೀರಿಕೊಂಡಾಗ, ತನ್ನ ಆಸ್ತಿಯ ಮೂರನೆಯ ಒಂದು ಪಾಲನ್ನು ಹೀಗೆ ಪಶ್ಚಿಮಕ್ಕೆ ಹೋಗಿ ನೆಲಸುವ ಬಡ ವಲಸೆಗಾರರ ನೆರವಿಗೆಂದು ಉಯಿಲಿನಲ್ಲಿ ಬರೆದಿಟ್ಟಿದ್ದನು. ಇದಕ್ಕಿಂತ ಮರುಕದ ದಾನವಾವುದು? ಆದರೆ ಕೆಲವೇ ದಶಕಗಳಲ್ಲಿ ರೈಲುದಾರಿಗಳು ಹರಡಿದುವು, ಬಂಡಿಗಳು ಮಾಯವಾದುವು, ವಲಸೆಗಾರನು ಅಪರೂಪನಾದನು. ಹಣ ಮಾತ್ರ ಬೆಳೆಯುತ್ತಲೇ ಇದ್ದಿತು. ಅದೇ ಊರಿನ ಬೀದಿಗಳಲ್ಲಿ ಬೇರೆ ಬಗೆಯ ಬಡವರು ನರಳುತ್ತಿದ್ದರೂ, ಅವರು ಪಶ್ಚಿಮಕ್ಕೆ ಹೊರಟವರಲ್ಲವಾದುದರಿಂದ ಆ ಹಣವನ್ನು ಮುಟ್ಟುವಂತಿರಲಿಲ್ಲ. ದಾನಿಯ ಕರುಣೆಯೇ ಕಾಲಾನಂತರದಲ್ಲಿ ಕಬ್ಬಿಣದ ಬಾಗಿಲಾಯಿತು. ಇಂಗ್ಲಿಷ್ ಕಾನೂನು ಬಲ್ಲವರು ಇಂತಹ ಕಟ್ಟುಗಳನ್ನು ‘ಸತ್ತ ಕೈ’ ಎಂಬ ಹೆಸರಿನಿಂದ ಕರೆಯುವರು.

ಇದರ ಎದುರಿಗೆ ನಮ್ಮ ಸೀಮೆಯ ಒಂದು ದೃಷ್ಟಾಂತವನ್ನಿಡುತ್ತೇನೆ. ಗುಬ್ಬಿ ತೋಟದಪ್ಪನವರ ಹೆಸರನ್ನು ಕೇಳದವರು ಇಲ್ಲಿ ಯಾರಿದ್ದೀರಿ? ವ್ಯಾಪಾರದಿಂದ ಧನವಂತರಾದ, ಮಕ್ಕಳಿಲ್ಲದ ಆ ಪುಣ್ಯಾತ್ಮರು ಬೆಂಗಳೂರಿನ ರೈಲು ನಿಲ್ದಾಣದ ಬಳಿಯಲ್ಲಿ ಸ್ಥಳವನ್ನು ಕೊಂಡು ಛತ್ರವನ್ನು ಕಟ್ಟಿಸಿದರು. ೧೯೦೩ರಲ್ಲಿ ಅದರ ಪ್ರಾರಂಭವಾಯಿತು. ಸೇಂಟ್ ಲೂಯಿಯಲ್ಲಿ ಯಾವ ರೈಲು ದಾನದ ಉದ್ದೇಶವನ್ನು ಅಳಿಸಿತೋ, ಬೆಂಗಳೂರಿನಲ್ಲಿ ಅದೇ ರೈಲು ದಾನಕ್ಕೆ ಕಾರಣವಾಯಿತೆಂಬುದು ನೋಡತಕ್ಕ ವಿಷಯ. ದೂರದಿಂದ ಬಂದಿಳಿದ ಯಾತ್ರಿಕನಿಗೆ ರಾತ್ರಿ ತಲೆಯಿಡಲು ತಾವು ಬೇಕಾಗಿದ್ದಿತು. ಹಳ್ಳಿಯಿಂದ ಓದಲು ಬಂದ ಹುಡುಗನಿಗೆ ಅನ್ನವೂ ವಸತಿಯೂ ಬೇಕಾಗಿದ್ದುವು. ತೋಟದಪ್ಪನವರು ಎರಡನ್ನೂ ಕಂಡರು, ಎರಡಕ್ಕೂ ಕೊಟ್ಟರು, ತಮ್ಮ ಆಸ್ತಿಯನ್ನು ಧರ್ಮದರ್ಶಿಗಳ ಕೈಗೆ ಒಪ್ಪಿಸಿ ೧೯೧೦ರಲ್ಲಿ ಲಿಂಗೈಕ್ಯರಾದರು. ಆ ಉಚಿತ ವಿದ್ಯಾರ್ಥಿನಿಲಯದಲ್ಲಿ ಉಂಡು ಓದಿ ದೊಡ್ಡವರಾದವರು ನಾಡಿನ ತುಂಬ ಹರಡಿರುವರು. ಒಂದೇ ಕಷ್ಟವನ್ನು ಗುರಿಯಾಗಿಟ್ಟುಕೊಂಡ ದಾನವು ಆ ಕಷ್ಟದೊಡನೆಯೇ ಮುಗಿಯುವುದು. ಎರಡು ಮೂರು ಬಾಗಿಲುಗಳುಳ್ಳ ದಾನವು ಒಂದು ಬಾಗಿಲು ಮುಚ್ಚಿದರೂ ಇನ್ನೊಂದರಿಂದ ನಡೆಯುವುದು.

ಸತ್ತ ಕೈಯ ಹಿಡಿತವನ್ನು ಸಡಿಲಿಸುವ ಉಪಾಯವನ್ನು ಯೋಚಿಸಿದವನು ಕ್ಲೀವ್‌ಲೆಂಡ್ ನಗರದ ಫ್ರೆಡರಿಕ್ ಗೋಫ್. ಆತನು ಮೊದಲು ವಕೀಲ, ಆಮೇಲೆ ಕ್ಲೀವ್‌ಲೆಂಡ್ ಟ್ರಸ್ಟ್ ಕಂಪೆನಿ ಎಂಬ ಬ್ಯಾಂಕಿನ ಅಧ್ಯಕ್ಷ. ಉಯಿಲುಗಳನ್ನು ಬರೆಸುವವರನ್ನೂ, ಅವುಗಳಿಂದ ಮುಂದೆ ಹುಟ್ಟುವ ತೊಡಕುಗಳನ್ನೂ ದಿನನಿತ್ಯ ನೋಡುತ್ತಿದ್ದವನಾದುದರಿಂದ ಆತನಿಗೆ ಈ ರೋಗದ ಮೂಲವು ಚೆನ್ನಾಗಿ ತಿಳಿದಿತ್ತು. ೧೯೧೪ನೆಯ ಜನವರಿಯಲ್ಲಿ ಆತನು ‘ಕ್ಲೀವ್‌ಲೆಂಡ್ ಫೌಂಡೇಶನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದನು. ಈ ಬಗೆಯ ಸಂಸ್ಥೆಗಳಲ್ಲಿ ಜಗತ್ತಿಗೇ ಅದು ಮೊದಲನೆಯದು. ಅದನ್ನು ನಮ್ಮ ಮಾತಿನಲ್ಲಿ ‘ಊರ ನಿಧಿ’ ಎನ್ನೋಣ. ಇದರಲ್ಲಿ ಬ್ಯಾಂಕಿನವನಿಗೂ ಸ್ವಲ್ಪ ಲಾಭವಿದ್ದಿತು, ಏಕೆಂದರೆ ನಿಧಿಯ ಮೂಲಧನವು ಆತನ ಬ್ಯಾಂಕಿನ ವಶದಲ್ಲಿಯೇ ಇರತಕ್ಕುದಾಗಿದ್ದಿತು. ಇರಲಿ. ಒಳ್ಳೆಯ ಕೆಲಸದಲ್ಲಿ ತನಗೂ ನಾಲ್ಕು ಕಾಸು ಬಂದರೆ ಅದರಿಂದ ಕೆಲಸವು ಕೆಟ್ಟದಾಗುವುದಿಲ್ಲ, ಲೆಕ್ಕವು ಬಯಲಿನಲ್ಲಿದ್ದರೆ ಸಾಕು.

ಊರ ನಿಧಿಯ ವ್ಯವಸ್ಥೆಯು ಹೀಗಿದೆ. ಒಬ್ಬ ದೊಡ್ಡ ಸಾಹುಕಾರನು ತನ್ನ ಹೆಸರಿನಲ್ಲಿ ಒಂದು ಸಂಸ್ಥೆಯನ್ನು ಕಟ್ಟುವುದು ಬೇರೆ. ಇಲ್ಲಿ ಒಂದು ಊರಿನ ಅಥವಾ ಪ್ರಾಂತ್ಯದ ನೂರಾರು ಜನರು ತಮ್ಮ ತಮ್ಮ ಶಕ್ತ್ಯನುಸಾರ ಕೊಟ್ಟುದೆಲ್ಲವೂ ಒಂದೇ ಮೂಲಧನವಾಗಿ ಸೇರುವುದು. ಆ ಮೂಲಧನವನ್ನು ಮುಟ್ಟದೆ, ಅದರಿಂದ ಬರುವ ಉತ್ಪನ್ನವನ್ನು ವರ್ಷ ವರ್ಷವೂ ಆ ಪ್ರಾಂತ್ಯದ ಶಾಲೆ, ಆಸ್ಪತ್ರೆ, ಅನಾಥಾಲಯ, ಗ್ರಂಥಾಲಯ ಮೊದಲಾದುವುಗಳಿಗೆ ಹಂಚುವರು. ನಿಧಿಯು ತಾನೇ ಶಾಲೆಯನ್ನು ನಡೆಯಿಸುವುದಿಲ್ಲ, ಆಸ್ಪತ್ರೆಯನ್ನು ಕಟ್ಟುವುದಿಲ್ಲ. ನಡೆಯಿಸುತ್ತಿರುವವರ ಕೈಯನ್ನು ಬಲಪಡಿಸುವುದೇ ಅದರ ಕೆಲಸ. ದಾನಿಯು ‘ಇಂತಹ ಅನಾಥಾಲಯಕ್ಕೇ’ ಎಂದು ಹೇಳಿ ಕೊಡಬಹುದು, ‘ಕುರುಡರ ಹಿತಕ್ಕೆ’ ಎಂದು ಕ್ಷೇತ್ರವನ್ನಷ್ಟೇ ಸೂಚಿಸಬಹುದು, ಏನನ್ನೂ ಹೇಳದೆ ‘ಊರಿಗೆ’ ಎಂದು ಬಿಡಬಹುದು. ತಾನು ಬದುಕಿರುವ ತನಕ ಸಲಹೆ ಕೊಡುವ ಅಧಿಕಾರವನ್ನು ಇಟ್ಟುಕೊಳ್ಳುವ ಪದ್ಧತಿಯು ೧೯೩೧ರಲ್ಲಿ ನ್ಯೂಯಾರ್ಕಿನ ಊರ ನಿಧಿಯಲ್ಲಿ ಮೊದಲಾಯಿತು. ಈ ಕಡೆಯ ಪದ್ಧತಿಯು ಇಂದು ಬಹಳ ಬಳಕೆಯಲ್ಲಿದೆ. ಆದರೆ ಸಲಹೆ ಕೊಡಬೇಕಾದವರು ಕೊಡದೆ ಇದ್ದರೆ ಹಣವು ಸುಮ್ಮನೆ ಕುಳಿತಿರುವುದೆಂಬ ಆಕ್ಷೇಪಣೆಯೂ ಅದರ ಮೇಲುಂಟು, ಅದು ನ್ಯಾಯವಾದ ಆಕ್ಷೇಪಣೆಯೇ ಸರಿ.

ಇವೆಲ್ಲಕ್ಕಿಂತಲೂ ಮುಖ್ಯವಾದುದು ಒಂದು ನಿಬಂಧನೆ. ದಾನಿಯು ಸೂಚಿಸಿದ ಉದ್ದೇಶವು ಕಾಲಗತಿಯಿಂದ ಅನಾವಶ್ಯಕವೋ ಅಸಾಧ್ಯವೋ ಆದರೆ, ಅದನ್ನು ಬದಲಾಯಿಸಿ ಅಂದಿನ ಅಗತ್ಯಕ್ಕೆ ಹಣವನ್ನು ತಿರುಗಿಸುವ ಅಧಿಕಾರವು ಸಮಿತಿಗೆ ಮೊದಲೇ ಬರೆದುಕೊಟ್ಟಿರುವುದು. ದಾನಿಯು ಇದನ್ನು ಒಪ್ಪಿಯೇ ಕೊಡುವನು. ಮುಲನ್‌ಫಿಯ ಉಯಿಲಿನಲ್ಲಿ ಈ ಒಂದು ವಾಕ್ಯವಿದ್ದಿದ್ದರೆ ಸಾಕಾಗಿದ್ದಿತು.

ಇಷ್ಟು ದೊಡ್ಡ ಅಧಿಕಾರವನ್ನು ಯಾರ ಕೈಯಲ್ಲಿಡುವುದೆಂಬುದೇ ಗೋಫನಿಗೆ ಬಹಳ ಯೋಚನೆಯ ವಿಷಯವಾಯಿತು. ಹಣವನ್ನು ಕಾಯುವವರು ಬೇರೆ, ಹಂಚುವವರು ಬೇರೆ ಇರಬೇಕೆಂದು ಆತನು ನಿಶ್ಚಯಿಸಿದನು. ಹಂಚುವ ಸಮಿತಿಯಲ್ಲಿ ಐವರು. ಅವರಲ್ಲಿ ಇಬ್ಬರನ್ನು ಮಾತ್ರ ಬ್ಯಾಂಕು ನೇಮಿಸತಕ್ಕುದು. ಉಳಿದ ಮೂವರಲ್ಲಿ ಒಬ್ಬರನ್ನು ನಗರದ ಮೇಯರನು, ಒಬ್ಬರನ್ನು ಸಂಯುಕ್ತ ಸಂಸ್ಥಾನದ ಜಿಲ್ಲಾ ನ್ಯಾಯಾಧೀಶನು, ಒಬ್ಬರನ್ನು ಉಯಿಲುಗಳನ್ನು ಪರಿಶೀಲಿಸುವ ನ್ಯಾಯಾಲಯದ ನ್ಯಾಯಾಧೀಶನು ಆರಿಸತಕ್ಕುದು. ಹೀಗಾಗಿ ಹಣ ಇಟ್ಟುಕೊಂಡವನಿಗೆ ಬಹುಮತವಿಲ್ಲ. ಈ ಒಂದು ಅಂಶವನ್ನು ಸಭಿಕರು ದಯವಿಟ್ಟು ನೆನಪಿನಲ್ಲಿಡಬೇಕು. ಮುಂದೆ ನಮ್ಮ ಮಾತಿಗೆ ಬರುವಾಗ ಇದು ಬೇಕಾಗುವುದು.

ಮೊದಮೊದಲು ನಿಧಿಯಲ್ಲಿ ಹಂಚಲು ಹೆಚ್ಚಿನ ಹಣವಿರಲಿಲ್ಲ. ಕೊಡುವೆವೆಂದು ಉಯಿಲು ಬರೆದವರು ಇನ್ನೂ ಬದುಕಿದ್ದರು! ಹಾಗೆಂದು ಗೋಫನು ಕೈಕಟ್ಟಿ ಕೂರಲಿಲ್ಲ. ಊರಿಗೆ ಏನು ಬೇಕೆಂಬುದನ್ನು ಮೊದಲು ತಿಳಿಯೋಣವೆಂದು ಪರಿಶೀಲನೆಗಳನ್ನು ಮಾಡಿಸಿದನು. ೧೯೧೫-೧೬ರಲ್ಲಿ ಲೆನರ್ಡ್ ಏಯರ್ಸ್ ಎಂಬ ತಜ್ಞನ ಮುಖಂಡತ್ವದಲ್ಲಿ ನಗರದ ಶಾಲೆಗಳನ್ನೆಲ್ಲ ಶೋಧಿಸಿ, ೨೫ ಸಂಪುಟಗಳಲ್ಲಿ ವರದಿಯನ್ನು ಅಚ್ಚು ಹಾಕಿಸಿದರು. ೧೯೨೨ರಲ್ಲಿ ನಗರದ ಅಪರಾಧ ನ್ಯಾಯವ್ಯವಸ್ಥೆಯ ಮೇಲೆ ಅಂತಹುದೇ ವರದಿಯು ಹೊರಬಂದಿತು. ಅದನ್ನು ನಡೆಯಿಸಿದವರು ರಾಸ್ಕೋ ಪೌಂಡ್ ಎಂಬ ಪ್ರಖ್ಯಾತ ನ್ಯಾಯಶಾಸ್ತ್ರಜ್ಞನೂ, ಮುಂದೆ ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶನಾದ ಫೀಲಿಕ್ಸ್ ಫ್ರಾಂಕ್‌ಫರ್ಟರನೂ. ಹಣ ಕೊಡುವುದಕ್ಕೆ ಮುಂಚೆ ಕಣ್ಣು ಬಿಟ್ಟು ನೋಡುವುದೂ ಒಂದು ಧರ್ಮಕಾರ್ಯವೆಂಬುದು ಇದರಿಂದ ವಿದಿತವಾಗುವುದು. ನಮ್ಮಲ್ಲಿ ಎಷ್ಟೋ ದಾನಗಳು ಯಾರು ಮೊದಲು ಬಂದು ಬಾಗಿಲು ತಟ್ಟಿದರೋ ಅವರಿಗೆ ಸಲ್ಲುವುವು. ಬಾಗಿಲು ತಟ್ಟಲು ನಾಚುವವರ ಮನೆಯಲ್ಲಿಯೇ ಒಲೆ ಹೊತ್ತಿರುವುದಿಲ್ಲ.

ಗೋಫನು ೧೯೨೩ರಲ್ಲಿ ಮೃತನಾದನು. ಅಷ್ಟರಲ್ಲಿ ಅವನ ಯೋಚನೆಯು ಇತರ ನಗರಗಳಿಗೆ ಹಬ್ಬಿದ್ದಿತು. ಇಂದು ಜಗತ್ತಿನ ನಾನಾ ದೇಶಗಳಲ್ಲಿ ಸಾವಿರಕ್ಕೂ ಮೀರಿ ಇಂತಹ ನಿಧಿಗಳುಂಟು. ಅವುಗಳಲ್ಲಿ ಕೆನಡಾ ದೇಶದ ವಿನಿಪೆಗ್ ನಗರದ್ದೊಂದರ ಕಥೆಯನ್ನು ಮಾತ್ರ ಹೇಳುವೆನು. ೧೯೨೧ರಲ್ಲಿ ವಿಲಿಯಂ ಆಲೊವೆ ಎಂಬ ಬ್ಯಾಂಕರನು ಒಂದು ಲಕ್ಷ ಡಾಲರುಗಳನ್ನಿತ್ತು ಅದನ್ನು ಸ್ಥಾಪಿಸಿದನು. ಅದಾದ ಮೇಲೆ ಬಂದ ಎರಡನೆಯ ಕಾಣಿಕೆ ಯಾವುದೆಂದು ಬಲ್ಲಿರಾ? ೧೯೨೪ರಲ್ಲಿ ಯಾರೋ ಒಬ್ಬಾಕೆ ಒಂದು ಲಕೋಟೆಯಲ್ಲಿ ತಲಾ ಐದು ಡಾಲರಿನ ಮೂರು ಚಿನ್ನದ ನಾಣ್ಯಗಳನ್ನಿಟ್ಟು ಕಳುಹಿಸಿದಳು. ಹೆಸರು ಬರೆದಿರಲಿಲ್ಲ. ‘ವಿಧವೆಯ ಕಾಸು’ ಎಂದಷ್ಟೇ ಬರೆದಿದ್ದಿತು. ಕ್ರೈಸ್ತರ ಧರ್ಮಗ್ರಂಥದಲ್ಲಿ ಬಡ ವಿಧವೆಯೊಬ್ಬಳು ತನ್ನಲ್ಲಿದ್ದ ಎರಡೇ ಕಾಸುಗಳನ್ನು ಕಾಣಿಕೆ ಹಾಕಿದ ಪ್ರಸಂಗವುಂಟು, ಅದನ್ನು ನೆನೆದು ಬರೆದುದು. ಆ ನಿಧಿಯವರು ಇಂದಿಗೂ ಲಕ್ಷದ ಕಾಣಿಕೆಯೊಡನೆ ಈ ಹದಿನೈದು ಡಾಲರುಗಳನ್ನೂ ಸ್ಮರಿಸುವರು. ಒಬ್ಬ ಸಾಹುಕಾರನ ಹಣದಿಂದ ನಿಂತ ಧರ್ಮಸಂಸ್ಥೆಯಲ್ಲಿ ಆ ತಾಯಿಗೆ ಜಾಗವಿರುತ್ತಿರಲಿಲ್ಲ. ಊರ ನಿಧಿಯಲ್ಲಿ ಇದ್ದಿತು. ಆಕೆಯ ಕಾಸು ಲಕ್ಷದೊಡನೆ ಬೆರೆತು, ಇಂದಿಗೂ ಬಡ್ಡಿ ತರುತ್ತಿದೆ.

ಇನ್ನು ನಮ್ಮ ನಾಡಿಗೆ ಬರೋಣ. ಊರ ನಿಧಿ ಎಂಬ ಹೆಸರು ಹೊಸದಾದರೂ, ಅನೇಕರ ಸಣ್ಣ ಕಾಣಿಕೆಯೂ ಕೆಲವರ ದೊಡ್ಡ ಕಾಣಿಕೆಯೂ ಕೂಡಿ ಒಂದು ಪ್ರಾಂತ್ಯವನ್ನೇ ಎತ್ತಿದ ನಿದರ್ಶನ ನಮ್ಮಲ್ಲಿಯೇ ಇದೆ. ಹಾನಗಲ್ಲ ಕುಮಾರಸ್ವಾಮಿಗಳವರ ಪ್ರೇರಣೆಯಿಂದ ೧೯೦೪ರಲ್ಲಿ ವೀರಶೈವ ಮಹಾಸಭೆಯು ಹುಟ್ಟಿದಾಗ ಅದರ ಪ್ರಥಮಾಧಿವೇಶನದ ಅಧ್ಯಕ್ಷರಾಗಿದ್ದವರು ಸಿರಸಂಗಿಯ ಲಿಂಗರಾಜ ದೇಸಾಯರು. ೧೯೦೬ರಲ್ಲಿ ಅವರು ಲಿಂಗೈಕ್ಯರಾಗುವಾಗ ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರ ಮಾಡಿದ್ದರು. ಆ ಪತ್ರದ ಸುತ್ತ ವ್ಯಾಜ್ಯಗಳು ನಡೆದು, ಹಣವು ಮಕ್ಕಳ ಕೈಸೇರುವುದಕ್ಕೆ ವರ್ಷಗಳು ಹಿಡಿದುವು. ಆದರೂ ನಾಡಿನ ಉತ್ತರಭಾಗದಲ್ಲಿ ಆ ನಿಧಿಯ ನೆರವಿನಿಂದ ಓದಿದವರು ಅಸಂಖ್ಯರು. ೧೯೧೬ನೆಯ ನವೆಂಬರಿನಲ್ಲಿ ಏಳು ಮಂದಿ ತರುಣರು ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯನ್ನು ಒಂದು ಶಾಲೆಯಿಂದ ಆರಂಭಿಸಿದರು. ಅವರನ್ನು ಸಮಾಜವು ಸಪ್ತರ್ಷಿಗಳೆಂದು ಕರೆದುದು ಉಚಿತವಾಗಿಯೇ ಇದೆ. ಅವರಲ್ಲಿ ವಿದ್ಯೆಯೂ ಛಲವೂ ಇದ್ದುವು. ಅರಟಾಳ ರುದ್ರಗೌಡರಂತಹ ಹಿರಿಯರು ಬೆನ್ನಿಗೆ ನಿಂತರು. ೧೯೩೩ರಲ್ಲಿ ಬೆಳಗಾವಿಯಲ್ಲಿ ತೆರೆದ ಕಾಲೇಜಿಗೆ ಲಿಂಗರಾಜರ ಹೆಸರು ಬಂದಿತು, ವಿಜ್ಞಾನದ ಕಾಲೇಜಿಗೆ ವಂಟಮುರಿಯ ರಾಜಾ ಲಖಮಗೌಡರ ಹೆಸರು ಬಂದಿತು, ೧೯೪೭ರಲ್ಲಿ ಹುಬ್ಬಳ್ಳಿಯ ಇಂಜಿನಿಯರಿಂಗ್ ಕಾಲೇಜಿಗೆ ಭೂಮರಡ್ಡಿಯವರ ಹೆಸರು ಬಂದಿತು. ಮೂರು ಮನೆತನ, ಆದರೆ ಸಂಸ್ಥೆ ಒಂದು. ಪ್ರತಿಯೊಬ್ಬ ದಾನಿಯೂ ತನ್ನದೇ ಆದ ಚಿಕ್ಕ ಶಾಲೆಯೊಂದನ್ನು ತನ್ನ ಊರಿನಲ್ಲಿ ತೆರೆದಿದ್ದರೆ ಏನಾಗುತ್ತಿದ್ದಿತೆಂದು ನೀವೇ ಊಹಿಸಿರಿ.

ನಮ್ಮ ಮಠಗಳಲ್ಲಿ, ಪರಿಷತ್ತುಗಳಲ್ಲಿ, ವಿದ್ಯಾಶಾಲೆಗಳಲ್ಲಿ ಇಂದು ಆಗುತ್ತಿರುವುದು ಬಹುಮಟ್ಟಿಗೆ ಇದೇ. ತಂದೆಯ ಸ್ಮರಣಾರ್ಥ ಒಂದು ದತ್ತಿ, ತಾಯಿಯ ಹೆಸರಿನಲ್ಲಿ ಇನ್ನೊಂದು. ಒಂದು ದಿನದ ಅನ್ನಸಂತರ್ಪಣೆಗೆ, ಒಂದು ಉಪನ್ಯಾಸಕ್ಕೆ, ಹತ್ತನೆಯ ತರಗತಿಯಲ್ಲಿ ಮೊದಲನೆಯವನಾಗಿ ತೇರ್ಗಡೆಯಾದ ಹುಡುಗನ ಬಹುಮಾನಕ್ಕೆ. ಭಾವವು ಪೂಜ್ಯವಾದುದೇ. ಆದರೆ ಲೆಕ್ಕವನ್ನು ನೋಡಿರಿ. ಒಂದು ಸಾವಿರ ರೂಪಾಯಿಗಳ ದತ್ತಿಗೆ ನೂರಕ್ಕೆ ಆರರಂತೆ ಬಡ್ಡಿ ಬಂದರೆ ವರ್ಷಕ್ಕೆ ೬೦ ರೂಪಾಯಿ. ಐವತ್ತು ವರ್ಷಗಳ ಹಿಂದೆ ಆ ಅರವತ್ತರಿಂದ ಹುಡುಗನೊಬ್ಬನ ವರ್ಷದ ಪುಸ್ತಕಗಳು ಬರುತ್ತಿದ್ದುವು. ಇಂದು ಒಂದು ನಿಘಂಟೂ ಬಾರದು. ಬಹುಮಾನ ಪಡೆದ ಹುಡುಗನು ವೇದಿಕೆಯಿಂದ ಇಳಿಯುವಾಗ ಲಕೋಟೆಯನ್ನು ತೆರೆದು ನೋಡಿ ನಗುವಂತಾಗುವುದು ದಾನಿಯ ಹೆಸರಿಗೆ ಶೋಭೆಯೆ? ಅಂತಹ ನೂರು ದತ್ತಿಗಳನ್ನು ಒಂದೇ ಮೂಲಧನವಾಗಿ ಕೂಡಿಸಿದರೆ ಒಂದು ಲಕ್ಷವಾಗಿ ೬,೦೦೦ ರೂಪಾಯಿ ಬರುವುದು. ಅದರಲ್ಲಿ ಒಂದು ಭಾಗವನ್ನು ವರ್ಷ ವರ್ಷವೂ ಮೂಲಧನಕ್ಕೆ ಸೇರಿಸುತ್ತ ಬಂದರೆ ಬೆಲೆಗಳು ಏರಿದಂತೆ ನಿಧಿಯೂ ಸ್ವಲ್ಪ ಮಟ್ಟಿಗೆ ಏರುವುದು. ನೂರು ಮಂದಿ ದಾನಿಗಳ ಹೆಸರುಗಳನ್ನೂ ಒಂದೇ ಫಲಕದಲ್ಲಿ ಕೆತ್ತಿಸಲು ಯಾವ ಅಡ್ಡಿಯೂ ಇಲ್ಲ. ಹೆಸರು ಉಳಿಯುವುದು, ಕೆಲಸವೂ ಆಗುವುದು.

ಇಲ್ಲಿ ಶರಣಸಿದ್ಧಾಂತವನ್ನು ಬಲ್ಲವರು ಎದ್ದು ಒಂದು ಪ್ರಶ್ನೆಯನ್ನು ಕೇಳಬಹುದು, ಕೇಳಲೇಬೇಕು. ಕೂಡಿಡುವುದೇ ದಾಸೋಹವೆ? ಆಯ್ದಕ್ಕಿ ಮಾರಯ್ಯನ ಕಥೆ ನಿಮಗೆಲ್ಲ ತಿಳಿದುದೇ. ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದ ಆತನು ಒಂದು ದಿನ ಎಂದಿಗಿಂತ ಹೆಚ್ಚಾಗಿ ತಂದನು. ಬಸವಣ್ಣನವರೇ ಬೇಕೆಂದು ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದ್ದರೆಂದು ಹೇಳುವುದುಂಟು. ಅದನ್ನು ಕಂಡ ಲಕ್ಕಮ್ಮನು ಗಂಡನನ್ನು ತಡೆದು, ಮಿಕ್ಕುದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದಳು. ನಾಳೆಗೆಂದು ಇಡುವ ಆಸೆಯೇ ಭಕ್ತಿಗೆ ತೊಡಕೆಂದು ಆ ಮಹಾತಾಯಿಯ ಅಭಿಪ್ರಾಯ. ಹಾಗಿರುವಾಗ ಲಕ್ಷಗಟ್ಟಲೆ ಹಣವನ್ನು ಬ್ಯಾಂಕಿನಲ್ಲಿಟ್ಟು ಬಡ್ಡಿಯನ್ನು ಎಣಿಸುವುದು ಲಕ್ಕಮ್ಮನ ಮಕ್ಕಳಿಗೆ ಒಪ್ಪುವುದೆ?

ಇದಕ್ಕೆ ಸುಲಭವಾದ ಉತ್ತರವಿಲ್ಲ. ನನ್ನ ಮನಸ್ಸಿಗೆ ತೋರುವುದನ್ನು ಮಾತ್ರ ಅರಿಕೆ ಮಾಡುತ್ತೇನೆ. ಲಕ್ಕಮ್ಮನು ತಡೆದುದು ಮನೆಯ ಮಡಕೆಗೆ ಸೇರಬಹುದಾಗಿದ್ದ ಅಕ್ಕಿಯನ್ನು. ‘ನನ್ನದು’ ಎಂಬ ಭಾವ ಹುಟ್ಟುವ ಜಾಗದಲ್ಲಿ ಆಕೆ ಕೈ ಅಡ್ಡ ಹಿಡಿದಳು. ಆದರೆ ಕೆರೆಯ ನೀರನ್ನು ಯಾರೂ ‘ನನ್ನದು’ ಎನ್ನುವುದಿಲ್ಲ. ಮಳೆಗಾಲದಲ್ಲಿ ತುಂಬಿಸಿ ಬೇಸಗೆಯಲ್ಲಿ ಬಿಡುವುದನ್ನು ನಮ್ಮ ಹಿರಿಯರು ಪುಣ್ಯವೆಂದರೇ ಹೊರತು ಜಿಪುಣತನವೆನ್ನಲಿಲ್ಲ. ಕೆರೆಗೆ ತೂಬು ಇರಬೇಕು, ತೂಬನ್ನು ಎತ್ತಿ ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ನೋಡುವ ನೀರುಗಂಟಿ ಇರಬೇಕು. ತೂಬು ಮುಚ್ಚಿದ ಕೆರೆಯು ಕೊಳೆಯುವುದು, ಆಗ ಲಕ್ಕಮ್ಮನ ಆಕ್ಷೇಪಣೆಯು ನೂರಕ್ಕೆ ನೂರು ಸಲ್ಲುವುದು. ಹಾಗೆ ಕೊಳೆಯುತ್ತಿರುವ ಧರ್ಮನಿಧಿಗಳು ನಮ್ಮ ನಾಡಿನಲ್ಲಿ ಇಲ್ಲದಿಲ್ಲ. ಆದುದರಿಂದ ನಿಧಿಯನ್ನು ಮಾಡುವವರು ವರ್ಷಕ್ಕೆ ಇಷ್ಟನ್ನು ಹಂಚಿಯೇ ತೀರತಕ್ಕುದೆಂಬ ನಿಯಮವನ್ನು ಮೊದಲ ದಿನವೇ ಬರೆಯಬೇಕು. ನಿತ್ಯದಾಸೋಹದ ಅಕ್ಕಿಯನ್ನಂತೂ ಇದರೊಳಕ್ಕೆ ತರಲೇಬಾರದು. ಹಳ್ಳಿಯ ತಾಯಂದಿರು ಹಿಡಿ ಹಿಡಿಯಾಗಿ ಎತ್ತಿಟ್ಟು ಜಾತ್ರೆಗೆ ತರುವ ಧಾನ್ಯವು ಎಂದಿನಂತೆ ನೇರವಾಗಿ ಒಲೆಗೇ ಹೋಗಲಿ. ಸಿದ್ಧಗಂಗೆಯ ಲಿಂಗೈಕ್ಯ ಶ್ರೀ ಶಿವಕುಮಾರಸ್ವಾಮಿಗಳವರು ಹಳ್ಳಿ ಹಳ್ಳಿ ತಿರುಗಿ ತಂದ ಭಿಕ್ಷೆಯಿಂದ ಸಾವಿರಾರು ಮಕ್ಕಳು ಉಂಡು ಓದಿದರು. ಆ ಒಲೆಗೆ ಬಡ್ಡಿಯ ಹಣವು ಸಮನಾಗಲಾರದು. ಅಲ್ಲಿ ಕೊಡುವವನೂ ಉಣ್ಣುವವನೂ ಮುಖಾಮುಖಿ ಇರುವರು.

ಈ ಮಹೋತ್ಸವದ ನೆನಪಿಗಾಗಿ ಶ್ರೀಮಠದಲ್ಲಿ ಇಂತಹ ಒಂದು ಪ್ರಾಂತ್ಯನಿಧಿಯು ಏರ್ಪಡಲೆಂಬುದು ನನ್ನ ಬಿನ್ನಹ. ಅದರ ವಿಷಯದಲ್ಲಿ ಎರಡು ಮೂರು ಮಾತುಗಳನ್ನು ಹೇಳಿ ಮುಗಿಸುವೆನು. ಹಂಚುವ ಸಮಿತಿಯಲ್ಲಿ ಮಠದ ಕಡೆಯವರಿಗೆ ಬಹುಮತವಿರಬಾರದು. ಶ್ರೀಗಳವರು ಇದಕ್ಕೆ ಪ್ರಸನ್ನತೆಯಿಂದ ಒಪ್ಪುವರೆಂದು ಬಲ್ಲೆನಾದುದರಿಂದಲೇ ಅವರ ಸನ್ನಿಧಿಯಲ್ಲಿ ಇದನ್ನು ಹೇಳಲು ಧೈರ್ಯವಾಗಿದೆ. ಐವರಲ್ಲಿ ಇಬ್ಬರು ಮಠದವರು, ಉಳಿದವರಲ್ಲಿ ಒಬ್ಬರು ಉಪಾಧ್ಯಾಯರು, ಒಬ್ಬರು ವೈದ್ಯರು, ಒಬ್ಬರು ಹೆಂಗಸರು ಎಂದಿಟ್ಟುಕೊಳ್ಳೋಣ. ಅವರಲ್ಲಿ ಅನ್ಯ ಸಮಾಜದವರೂ ಇರಲಿ. ಪಂಕ್ತಿಯಲ್ಲಿ ಕುಳಿತವನ ಕುಲವನ್ನು ಕೇಳದ ಮಠದ ನಿಧಿಯು, ಆಸ್ಪತ್ರೆಗೆ ಹಣ ಕೊಡುವಾಗ ರೋಗಿಯ ಕುಲವನ್ನು ಕೇಳಿದರೆ ಅಭಾಸವಾಗುವುದು. ಈ ಸೀಮೆಯಲ್ಲಿ ಈಗಾಗಲೇ ನಡೆಯುತ್ತಿರುವ ಶಾಲೆ, ಬಾಲವಾಡಿ, ವೃದ್ಧಾಶ್ರಮ, ಗೋಶಾಲೆಗಳು, ಯಾರವೇ ಆಗಿರಲಿ, ಅರ್ಜಿ ಹಾಕಲು ಅರ್ಹವಾಗಿರಲಿ.

ದತ್ತಿಪತ್ರದ ವಿಷಯದಲ್ಲಿ ವಕೀಲರಾದ ಭಕ್ತರು ನೆರವಾಗಬೇಕು. ಉದ್ದೇಶವು ಕೆಟ್ಟುಹೋದ ಧರ್ಮನಿಧಿಗಳಿಗೆ ನಮ್ಮ ಕಾನೂನಿನಲ್ಲಿಯೂ ದಾರಿಯಿಲ್ಲದಿಲ್ಲ. ೧೯೦೮ರ ಸಿವಿಲ್ ಪ್ರೊಸೀಜರ್ ಕೋಡಿನ ೯೨ನೆಯ ಕಲಮಿನ ಮೇರೆಗೆ, ಸಂಬಂಧವುಳ್ಳ ಇಬ್ಬರು ಅಥವಾ ಹೆಚ್ಚು ಮಂದಿ ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಿ, ಹೊಸ ವ್ಯವಸ್ಥೆಯನ್ನು ಬೇಡಬಹುದು. ಮೂಲೋದ್ದೇಶಕ್ಕೆ ಅತ್ಯಂತ ಸಮೀಪವಾದ ಬೇರೊಂದು ಉದ್ದೇಶಕ್ಕೆ ಹಣವನ್ನು ತಿರುಗಿಸುವ ಅಧಿಕಾರವು ನ್ಯಾಯಾಲಯಕ್ಕುಂಟು. ಆದರೆ ಆ ದಾರಿಯು ದೀರ್ಘ, ಖರ್ಚಿನದು. ದತ್ತಿಯನ್ನು ಬರೆಯುವಾಗಲೇ ಎರಡು ಸಾಲು ಹೆಚ್ಚಾಗಿ ಬರೆಯುವುದು ಅಗ್ಗ. ಹಳೆಯ ದತ್ತಿಗಳ ದಾನಿಗಳು ಬದುಕಿದ್ದರೆ ಅವರಿಂದಲೇ, ಇಲ್ಲದಿದ್ದರೆ ಅವರ ಮಕ್ಕಳಿಂದ ಒಪ್ಪಿಗೆ ಪಡೆದು, ಕಾನೂನು ಬಲ್ಲವರ ಸಲಹೆಯಂತೆ ಕೂಡಿಸಬಹುದಾದುವನ್ನು ಕೂಡಿಸಬಹುದು. ಒಪ್ಪದವರ ದತ್ತಿಯನ್ನು ಅದಿದ್ದಂತೆಯೇ ನಡೆಯಿಸತಕ್ಕುದು, ಕೊಟ್ಟ ಮಾತಿಗೆ ತಪ್ಪಬಾರದು.

ಲೆಕ್ಕವನ್ನು ಪ್ರತಿವರ್ಷ ಜಾತ್ರೆಯ ದಿನ, ತೇರು ಹೊರಡುವುದಕ್ಕೆ ಮುಂಚೆ, ಇದೇ ಅಂಗಳದಲ್ಲಿ ಎಲ್ಲರಿಗೂ ಕೇಳುವಂತೆ ಓದಬೇಕು. ಬಂದುದೆಷ್ಟು, ಹಂಚಿದುದೆಷ್ಟು, ಯಾರಿಗೆ, ಅವರು ಅದರಿಂದ ಏನು ಮಾಡಿದರು ಎಂದು. ಅಚ್ಚು ಹಾಕಿಸಿದ ವರದಿಯನ್ನು ಓದುವವರು ಹತ್ತು ಮಂದಿ, ಜಾತ್ರೆಯಲ್ಲಿ ಕೇಳುವವರು ಹತ್ತು ಸಾವಿರ. ಹೆಸರು ಹೇಳಲೊಲ್ಲದ ತಾಯಂದಿರಿಗಾಗಿ ಗದ್ದುಗೆಯ ಹೊರಬಾಗಿಲಲ್ಲಿ ಬೀಗ ಹಾಕಿದ ಒಂದು ಪೆಟ್ಟಿಗೆಯೂ ಇರಲಿ. ಅದರಲ್ಲಿ ಬಿದ್ದುದನ್ನು ಮೊದಲು ಓದಿ, ಆಮೇಲೆ ಸಾಹುಕಾರರ ಹೆಸರುಗಳನ್ನು ಓದಲಿ.